ಸ್ವೀಡನ್ ಸೇನೆಯ ಹಳೆ ರೈಫಲ್, ಬಯೊನೆಟ್: ಕೊಳ್ಳುವ ಮೊದಲು ಗುರುತು ಓದಿ

ಪ್ರಶ್ನೆ: ನಾನು ಮಡಿಕೇರಿಯ ಕಡೆಯವನು. ಕೆಲಸದ ಮೇಲೆ ಸ್ವೀಡನ್ನಿನ ವೆಸ್ಟೆರೋಸ್‌ನಲ್ಲಿದ್ದೇನೆ. ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಬಯೊನೆಟ್ (ಬಂದೂಕಿನ ಮೂತಿಗೆ ಸಿಕ್ಕಿಸುವ ಚೂರಿ) ಸಿಕ್ಕಿತು. ಹಿಡಿಯೂ ಉಕ್ಕಿನದೇ. ಅಲಗಿನ ಬುಡದಲ್ಲಿ ‘ಇಜೆ ಎಬಿ’ ಅಂತ ಇದೆ, ಇನ್ನೊಂದು ಕಡೆ ‘ಐ 15’ ಮತ್ತು ಒಂದು ನಂಬರ್. ಇದು ಯಾವುದು? ಇಲ್ಲಿಂದಲೇ ಶುರು ಮಾಡಿ ಸ್ವೀಡಿಷ್ ಸೇನೆಯ ಹಳೆ ರೈಫಲ್‌ಗಳನ್ನೂ ಸಂಗ್ರಹಿಸುವ ಆಸೆ. ಮೊದಲು ಯಾವುದನ್ನು ಕೊಳ್ಳಲಿ? ಊರಿಗೆ ವಾಪಸ್ ಬರುವಾಗ ತರಬಹುದಾ? ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆಯಲ್ಲ?

ಉತ್ತರ: ನಿಮ್ಮ ಕೈಯಲ್ಲಿರುವುದು ಎಂ/1896 ಬಯೊನೆಟ್. ಎಂ ಅಂದರೆ ಮಾದರಿ, ಪಕ್ಕದ ಅಂಕಿ ಅದರ ವರ್ಷ. ಸ್ವೀಡಿಷ್ ಬಯೊನೆಟ್‌ಗಳಲ್ಲಿ ಇದರಷ್ಟು ಸುಲಭವಾಗಿ ಸಿಗುವುದು ಇನ್ನೊಂದಿಲ್ಲ. ಹಾಗಂತ ಹಗುರವಾಗಿ ನೋಡಬೇಡಿ. ಸುಮಾರು 21 ಸೆಂ.ಮೀ. ಅಲಗು, ಟೊಳ್ಳು ಕೊಳವೆಯಂಥ ಹಿಡಿ, ಹಿಡಿಯ ಮೇಲೆ ಕೈ ಜಾರದಂತೆ ಒರಟು ಗೆರೆ, ಉಕ್ಕಿನ ಒರೆ. ಮರ, ಹಿತ್ತಾಳೆ ಯಾವುದೂ ಇಲ್ಲ. ಆ ಕಾಲದ ಬೇರೆ ದೇಶಗಳ ಉದ್ದುದ್ದ ಕತ್ತಿಯಂಥ ಬಯೊನೆಟ್‌ಗಳ ಪಕ್ಕ ಇಟ್ಟರೆ ಇದು ಅಡುಗೆಮನೆಯ ಚಾಕುವಿನ ಹಾಗೆ ಕಾಣುತ್ತದೆ. ಆದರೆ ಕೆಲಸ ತುಂಬಾ ಅಚ್ಚುಕಟ್ಟು.

‘ಇಜೆ ಎಬಿ’ ಅಂದರೆ ಎಸ್ಕಿಲ್ಸ್‌ಟೂನ ಯೆರ್ನ್‌ಮನುಫಕ್ತೂರ್ ಎಂಬ ಕಂಪನಿ. ಎಸ್ಕಿಲ್ಸ್‌ಟೂನ ನೀವಿರುವ ವೆಸ್ಟೆರೋಸ್‌ಗೆ ಹತ್ತಿರವೇ ಇದೆ, ಮೆಲಾರೆನ್ ಸರೋವರದ ದಕ್ಷಿಣಕ್ಕೆ. ಚಾಕು, ಕತ್ತರಿ, ಬೀಗ ಮಾಡುವುದಕ್ಕೆ ಹೆಸರಾದ ಊರು. 17ನೇ ಶತಮಾನದಲ್ಲಿ ರೈನ್‌ಹೋಲ್ಡ್ ರಾಡೆಮಾಕರ್ ಎಂಬಾತ ಅಲ್ಲಿ ಕಮ್ಮಾರಸಾಲೆಗಳನ್ನು ಕಟ್ಟಿಸಿದ. ಅವುಗಳಲ್ಲಿ ಕೆಲವು ಈಗಲೂ ಉಳಿದಿವೆ. ಒಂದು ಭಾನುವಾರ ಹೋಗಿಬನ್ನಿ. ಅದೇ ಊರಿನ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲೂ ಈ ಬಯೊನೆಟ್ ತಯಾರಾಗುತ್ತಿತ್ತು. ಅದರ ಗುರುತು ಕಿರೀಟ, ಅದರ ಕೆಳಗೆ ಸಿ ಅಕ್ಷರ.

‘ಐ 15’ ಎನ್ನುವುದು ರೆಜಿಮೆಂಟ್. ಐ ಅಂದರೆ ಇನ್‌ಫೆಂಟ್ರಿ, ಕಾಲಾಳು ದಳ. 15 ಅಂದರೆ ಬೋರೋಸ್ ಊರಿನ ಎಲ್ವ್ಸ್‌ಬೋರಿ ರೆಜಿಮೆಂಟ್. ಪಕ್ಕದ ನಂಬರ್ ಆ ರೆಜಿಮೆಂಟಿನ ದಾಸ್ತಾನು ಪುಸ್ತಕದ್ದು. ಕೆ ಇದ್ದರೆ ಕುದುರೆ ದಳ, ಎ ಇದ್ದರೆ ಫಿರಂಗಿ ದಳ, ಎಫ್ ಇದ್ದರೆ ವಾಯುಪಡೆ, ಕೆಎ ಇದ್ದರೆ ಕರಾವಳಿ ಫಿರಂಗಿ ದಳ. ಕೆಲವು ರೆಜಿಮೆಂಟ್‌ಗಳ ನಂಬರ್ ಕಾಲಕಾಲಕ್ಕೆ ಬದಲಾಗಿದೆ. ಹಾಗಾಗಿ ಒಂದೇ ನಂಬರ್ 1910ರಲ್ಲಿ ಒಂದು ರೆಜಿಮೆಂಟ್, 1945ರಲ್ಲಿ ಇನ್ನೊಂದು ಆಗಿರಬಹುದು. ಕೆಲವು ಬಯೊನೆಟ್‌ಗಳಲ್ಲಿ ಹಳೆ ಗುರುತಿಗೆ ಗೆರೆ ಎಳೆದು ಹೊಸದನ್ನು ಹೊಡೆದಿರುತ್ತಾರೆ. ಅದನ್ನು ಊನ ಅಂದುಕೊಳ್ಳಬೇಡಿ. ನನ್ನ ಮಟ್ಟಿಗೆ ಅಂಥದ್ದೇ ಜಾಸ್ತಿ ಬೆಲೆಬಾಳುವ ವಸ್ತು. ಈಗ ಒರೆಯನ್ನೂ ತಿರುಗಿಸಿ ನೋಡಿ. ಅದರ ಮೇಲೂ ಅದೇ ಗುರುತು ಇದ್ದರೆ ನಿಮಗೆ ಸಿಕ್ಕಿದ್ದು ಜೋಡಿ ತಪ್ಪದ ವಸ್ತು. ಎಷ್ಟೋ ಸಲ ಸಂತೆಗೆ ಬರುವಷ್ಟರಲ್ಲಿ ಒರೆ ಅದಲುಬದಲಾಗಿರುತ್ತದೆ.

ಸ್ವೀಡಿಷ್ ಸೇನೆಯ ಹಳೆ ವಸ್ತುಗಳ ದೊಡ್ಡ ಅನುಕೂಲ ಇದೇ. ಎಲ್ಲವನ್ನೂ ಉಕ್ಕಿನ ಮೇಲೆ ಬರೆದಿಟ್ಟಿರುತ್ತಾರೆ. ಅಷ್ಟೇ ಅಲ್ಲ, 1814ರ ನಂತರ ಸ್ವೀಡನ್ ಯುದ್ಧವನ್ನೇ ಮಾಡಿಲ್ಲ. ಎರಡು ಮಹಾಯುದ್ಧಗಳಲ್ಲೂ ಹೊರಗೇ ಉಳಿಯಿತು. ಜರ್ಮನಿಯ, ರಷ್ಯಾದ ರೈಫಲ್‌ಗಳು ಕಂದಕದ ಕೆಸರಲ್ಲಿ ಬಿದ್ದು, ಶತ್ರುವಿನ ಕೈಗೆ ಸಿಕ್ಕು, ಮೂರು ದೇಶ ಸುತ್ತಿ, ನಾಲ್ಕು ರೈಫಲ್‌ಗಳ ಬಿಡಿಭಾಗ ಸೇರಿ ಒಂದಾಗಿ ಬರುತ್ತವೆ. ಸ್ವೀಡನ್ನಿನವು ಉಗ್ರಾಣದಲ್ಲಿ ಎಣ್ಣೆ ಹಚ್ಚಿಸಿಕೊಂಡು, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಂಡು ಕೂತಿದ್ದವು. ನೂರು ವರ್ಷದ ರೈಫಲ್‌ನಲ್ಲಿ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಬಿಗಿಯುವ ಭಾಗ), ಹಿಡಿಮರ, ಸಣ್ಣ ಸ್ಕ್ರೂ ಎಲ್ಲ ಮೂಲದ್ದೇ ಇರುವುದು ಇಲ್ಲಿ ಅಪರೂಪವಲ್ಲ. ಆದ್ದರಿಂದಲೇ ಇಲ್ಲಿ ನಿಮ್ಮ ಮಾನದಂಡ ಕಟ್ಟುನಿಟ್ಟಾಗಿರಲಿ. ಭಾಗಗಳ ನಂಬರ್ ಒಂದಕ್ಕೊಂದು ಹೊಂದದ ಸ್ವೀಡಿಷ್ ರೈಫಲ್ ಕೊಳ್ಳುವ ಗರಜು ಯಾರಿಗೂ ಇಲ್ಲ.

ಈಗ ರೈಫಲ್‌ಗಳಿಗೆ ಬರೋಣ. 1890ರ ದಶಕದಲ್ಲಿ ಸ್ವೀಡನ್, ನಾರ್ವೆ ಎರಡಕ್ಕೂ ಒಬ್ಬನೇ ರಾಜ. ಎರಡೂ ದೇಶ ಕೂಡಿ 6.5×55 ಎಂಬ ಗುಂಡನ್ನು ಒಪ್ಪಿಕೊಂಡವು. ಆದರೆ ಬಂದೂಕು ಬೇರೆ ಬೇರೆ. ನಾರ್ವೆ ಕ್ರಾಗ್-ಯೋರ್ಗೆನ್ಸನ್ ಹಿಡಿಯಿತು, ಸ್ವೀಡನ್ ಜರ್ಮನಿಯ ಮೌಸರ್ ಹಿಡಿಯಿತು. ಮೊದಲು ಬಂದದ್ದು ಎಂ/94 ಕಾರ್ಬೈನ್, ಕುದುರೆ ದಳಕ್ಕೆ. ಚಿಕ್ಕದು, ಬೋಲ್ಟಿನ ಹಿಡಿ ಕೆಳಕ್ಕೆ ಬಾಗಿದೆ, ನಳಿಗೆ 45 ಸೆಂ.ಮೀ. ಆಮೇಲೆ ಕಾಲಾಳುಗಳಿಗೆ ಎಂ/96. ಅದರ ನಳಿಗೆ 74 ಸೆಂ.ಮೀ. ಹತ್ತಿರ. ನೆಟ್ಟಗೆ ನಿಲ್ಲಿಸಿದರೆ ಎದೆಮಟ್ಟಕ್ಕೆ ಬರುತ್ತದೆ. ಅದರ ತುದಿಗೆ ನಿಮ್ಮ ಬಯೊನೆಟ್.

ಎಂ/96ನಲ್ಲಿ ಮೂರು ಕಾರ್ಖಾನೆಗಳ ಹೆಸರು ಸಿಗುತ್ತದೆ. ಜರ್ಮನಿಯ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆ 1899 ಮತ್ತು 1900ರಲ್ಲಿ 40,000 ಮಾಡಿಕೊಟ್ಟಿತು. ಉಕ್ಕು ಮಾತ್ರ ಸ್ವೀಡನ್ನಿನದೇ ಆಗಬೇಕು ಎಂದು ಷರತ್ತು ಇತ್ತು. ಎಸ್ಕಿಲ್ಸ್‌ಟೂನದ ಸರ್ಕಾರಿ ಕಾರ್ಖಾನೆ 1898ರಿಂದ 1925ರವರೆಗೆ ಸುಮಾರು 4,75,000 ಮಾಡಿತು. ಕೊನೆಗೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹಸ್ಕ್‌ವಾರ್ನ ಕಂಪನಿ ಸುಮಾರು 20,000 ಮಾಡಿತು. ಹಸ್ಕ್‌ವಾರ್ನ ಅಂದಕೂಡಲೇ ನಿಮಗೆ ಬೈಕ್ ನೆನಪಾದರೆ ತಪ್ಪಿಲ್ಲ. ಅದೇ ಮೂಲ. 1689ರಲ್ಲಿ ರಾಜನಿಗೆ ಮಸ್ಕೆಟ್ ಮಾಡುವುದಕ್ಕೆ ಶುರುವಾದ ಕಂಪನಿ ಅದು. ಈಗಲೂ ಅದರ ಲಾಂಛನ ಏನು ಗೊತ್ತಾ? ಬಂದೂಕಿನ ಮೂತಿಯ ಕಡೆಯಿಂದ ನೋಡಿದಾಗ ಕಾಣುವ ಗುರಿಕಣ್ಣು.

ಎಸ್ಕಿಲ್ಸ್‌ಟೂನದ ಸರ್ಕಾರಿ ಕಾರ್ಖಾನೆಯ ಹೆಸರೂ ನಮ್ಮವರಿಗೆ ಹೊಸದಲ್ಲ. ಅದು ಕಾರ್ಲ್ ಗುಸ್ತಾಫ್. ಭಾರತೀಯ ಸೇನೆಯಲ್ಲಿ ಇದ್ದವರನ್ನು ಕೇಳಿ, ಹೆಗಲ ಮೇಲಿಟ್ಟು ಹಾರಿಸುವ 84 ಮಿ.ಮೀ. ರಾಕೆಟ್ ಲಾಂಚರ್ ಎನ್ನುತ್ತಾರೆ. ಆ ಲಾಂಚರ್‌ಗೆ ಹೆಸರು ಬಂದದ್ದೇ ಈ ಕಾರ್ಖಾನೆಯಿಂದ. ತಿರುಚಿರಾಪಳ್ಳಿಯ ಆಯುಧ ಕಾರ್ಖಾನೆಯಲ್ಲಿ ಅದು ಲೈಸೆನ್ಸ್ ಮೇಲೆ ತಯಾರಾಗಿದೆ.

ರೈಫಲ್ ಕೈಗೆ ಬಂದಾಗ ಮೊದಲು ನೋಡುವುದು ಚೇಂಬರ್ (ತೋಟಾ ಕೂರುವ ಜಾಗ) ಮೇಲಿನ ಉಂಗುರ. ಅಲ್ಲಿ ಕಿರೀಟ, ಕಾರ್ಖಾನೆಯ ಹೆಸರು, ವರ್ಷ ಇರುತ್ತದೆ. ಪಕ್ಕದಲ್ಲಿ ಪೂರ್ತಿ ನಂಬರ್. ಆಮೇಲೆ ಬೋಲ್ಟ್, ಸೇಫ್ಟಿ, ಟ್ರಿಗರ್ ಗಾರ್ಡ್, ಪಟ್ಟಿಗಳು, ಹಿಂಬದಿಯ ತಗಡು, ಹೀಗೆ ಒಂದೊಂದನ್ನೂ ನೋಡುತ್ತಾ ಹೋಗಿ. ಸಣ್ಣ ಭಾಗಗಳ ಮೇಲೆ ಸಾಮಾನ್ಯವಾಗಿ ನಂಬರಿನ ಕೊನೆಯ ಮೂರು ಅಂಕಿ ಇರುತ್ತದೆ. ಒಂದೆರಡು ಬೇರೆ ಇದ್ದರೆ ಸೇನೆಯ ಕಾರ್ಯಾಗಾರದಲ್ಲೇ ಬದಲಿಸಿರಬಹುದು. ಬೋಲ್ಟೇ ಬೇರೆ ಇದ್ದರೆ ಬಿಟ್ಟುಬಿಡಿ.

ಹಿಡಿಮರದ ಬಲಗಡೆ ಒಂದು ದುಂಡನೆಯ ಹಿತ್ತಾಳೆ ಬಿಲ್ಲೆ ಕಾಣುತ್ತದೆ. ಹೊಸಬರು ಇದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಅದು ರೈಫಲ್‌ನ ಆರೋಗ್ಯ ಪತ್ರ. ಮೂರು ಭಾಗ ಮಾಡಿರುತ್ತಾರೆ. ಒಂದರಲ್ಲಿ ನಳಿಗೆಯ ಒಳ ಅಳತೆ, ಮಿಲಿಮೀಟರಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ. ಇನ್ನೊಂದರಲ್ಲಿ ನಳಿಗೆಯೊಳಗಿನ ಸ್ಥಿತಿ: 1 ಇದ್ದರೆ ಚೆನ್ನಾಗಿದೆ, 3 ಇದ್ದರೆ ಸವೆದಿದೆ, ಆದರೂ ಕೆಲಸಕ್ಕೆ ಬರುತ್ತದೆ. ಮೂರನೆಯ ಭಾಗಕ್ಕೆ ಒಂದು ಹಿನ್ನೆಲೆ ಇದೆ. 1894ರ ಮೂಲ ಗುಂಡು ಮೊಂಡು ಮೂತಿಯದು, 10.1 ಗ್ರಾಂ ತೂಕ. 1941ರಲ್ಲಿ ಚೂಪು ಮೂತಿಯ 9 ಗ್ರಾಂ ಗುಂಡು ಬಂತು. ಸೈನಿಕರು ಅದನ್ನು ಟಾರ್ಪೆಡೊ ಅಂತಲೇ ಕರೆದರು. ಹಳೆ ಗುಂಡಿಗೆ ಹೊಂದಿಸಿದ ಗುರಿಕಣ್ಣಿನಲ್ಲಿ ಹೊಸದನ್ನು ಹೊಡೆದರೆ ಏಟು ಬೇರೆ ಕಡೆ ಬೀಳುತ್ತದೆ. ಎಷ್ಟು ತಿದ್ದಿಕೊಳ್ಳಬೇಕು ಎಂಬುದು ಆ ಮೂರನೆಯ ಭಾಗದಲ್ಲಿದೆ. ಬಿಲ್ಲೆಯ ಸ್ಕ್ರೂ ಬಿಚ್ಚಬೇಡಿ, ಬ್ರಾಸೊ ಹಚ್ಚಿ ಉಜ್ಜಬೇಡಿ. ಉಜ್ಜಿದರೆ ಸರಿಯಾದ ಅಂಕಿಯನ್ನು ತೋರಿಸುವ ಸಣ್ಣ ತ್ರಿಕೋನದ ಗುರುತುಗಳು ಮಾಯವಾಗುತ್ತವೆ.

ಇನ್ನೊಂದು ಪುಟ್ಟ ಗುರುತು: ಉಕ್ಕಿನ ಮೇಲೆ ಚೌಕಟ್ಟಿನೊಳಗೆ ಹೊಡೆದ ಎಸ್‌ಎ ಎಂಬ ಎರಡಕ್ಷರ. ಅದು ಫಿನ್ಲೆಂಡ್ ಸೇನೆಯದು. 1939-40ರ ಚಳಿಗಾಲದ ಯುದ್ಧದಲ್ಲಿ ರಷ್ಯಾ ಫಿನ್ಲೆಂಡಿನ ಮೇಲೆ ಬಿದ್ದಾಗ ಸ್ವೀಡನ್ ಸಾವಿರಾರು ಎಂ/96 ಕಳಿಸಿತು. ನಿಜವಾದ ಯುದ್ಧ ಕಂಡ ಸ್ವೀಡಿಷ್ ಮೌಸರ್ ಬೇಕು ಅಂತಿದ್ದರೆ ಹುಡುಕಬೇಕಾದ್ದು ಇದನ್ನು. ಬೆಲೆ ಜಾಸ್ತಿ, ಹಾಗಾಗಿ ಹೊಸದಾಗಿ ಹೊಡೆದ ನಕಲಿ ಮುದ್ರೆಯೂ ಇರಬಹುದು. ಮುದ್ರೆಯ ಅಂಚಿನ ಬಣ್ಣ ಸುತ್ತಲ ಉಕ್ಕಿನ ಬಣ್ಣಕ್ಕೆ ಹೊಂದುತ್ತದಾ ಎಂದು ಭೂತಗನ್ನಡಿಯಲ್ಲಿ ನೋಡಿ.

ಯಾವುದನ್ನು ಮೊದಲು ಕೊಳ್ಳಬೇಕು? 1900ರಿಂದ 1925ರ ನಡುವಿನ ಒಂದು ಕಾರ್ಲ್ ಗುಸ್ತಾಫ್ ಎಂ/96. ನಂಬರ್ ಎಲ್ಲ ಹೊಂದಬೇಕು, ಹಿಡಿಮರಕ್ಕೆ ಯಾರೂ ಹೊಸ ಪಾಲಿಶ್ ಹಾಕಿರಬಾರದು. ಇಷ್ಟು ಸಾಕು. ಬಹಳ ಜನ ಓಬರ್ನ್‌ಡಾರ್ಫ್ ಹೆಸರಿಗೆ ಮರುಳಾಗಿ ಅದಕ್ಕೆ ದುಡ್ಡು ಸುರಿಯುತ್ತಾರೆ. ಕೆಲಸದ ಅಚ್ಚುಕಟ್ಟಿನಲ್ಲಿ ಎಸ್ಕಿಲ್ಸ್‌ಟೂನದ್ದು ಒಂದಿಷ್ಟೂ ಕಡಿಮೆಯಿಲ್ಲ. ಮರದ ವಿಷಯದಲ್ಲೂ ಹೀಗೇ. ಮೊದಲ ವರ್ಷಗಳದ್ದು ವಾಲ್‌ನಟ್, ನಂತರದ್ದು ಹೆಚ್ಚಾಗಿ ಬೀಚ್, ಕೆಲವು ಬರ್ಚ್. ಬರ್ಚ್ ಮರದಲ್ಲಿ ಕೆಲವೊಮ್ಮೆ ಬೆಂಕಿಯ ನಾಲಿಗೆಯಂಥ ಗೆರೆಗಳು ಬರುತ್ತವೆ, ನನಗೆ ಅದೇ ಇಷ್ಟ.

ಎಂ/38 ಎಂಬುದು ಇದರ ಗಿಡ್ಡ ರೂಪ. 1938ರಲ್ಲಿ ಉದ್ದ ರೈಫಲ್ ಟ್ರಕ್ಕಿನಲ್ಲಿ, ಸೈಕಲ್ಲಿನಲ್ಲಿ ತೊಂದರೆ ಕೊಡುತ್ತದೆ ಎಂದು ನಳಿಗೆ ಕತ್ತರಿಸಿದರು. ಆಮೇಲೆ ಹಸ್ಕ್‌ವಾರ್ನ 1942-44ರಲ್ಲಿ ಹೊಸದಾಗಿಯೇ ಗಿಡ್ಡದನ್ನು ಮಾಡಿತು. ಬೋಲ್ಟಿನ ಹಿಡಿ ನೇರವಾಗಿದ್ದರೆ ಹೆಚ್ಚಾಗಿ ಹಳೆಯದನ್ನು ಕತ್ತರಿಸಿದ್ದು, ಬಾಗಿದ್ದರೆ ಹೊಸದು. ಕೆಲವದರ ಮೂತಿಯಲ್ಲಿ ಸ್ಕ್ರೂ ಮರೆ ಕೊರೆದಿರುತ್ತಾರೆ. ಸೈಲೆನ್ಸರ್‌ಗೆ ಅಂತ ಅಂತರ್ಜಾಲದಲ್ಲಿ ಕಥೆ ಹೊಡೆಯುವವರಿದ್ದಾರೆ. ಅದು ತರಬೇತಿಗೆ. ಸ್ವೀಡನ್ನಿನ ಪೊಳ್ಳು ತೋಟಾಗಳಿಗೆ ಮರದ ಗುಂಡು ಇರುತ್ತಿತ್ತು. ಮೂತಿಗೆ ತಿರುಗಿಸಿ ಹಾಕಿದ ಸಾಧನ ಆ ಮರವನ್ನು ಪುಡಿ ಮಾಡುತ್ತಿತ್ತು.

ಎಂ/41 ಸ್ನೈಪರ್ ರೈಫಲ್ ಎಲ್ಲರ ಕನಸು. ಚೆನ್ನಾಗಿ ಗುರಿ ಹೊಡೆಯುವ ಎಂ/96ಗಳನ್ನು ಆರಿಸಿ, ದೂರದರ್ಶಕ ಕೂರಿಸಿ ಮಾಡಿದ್ದು. ಒಟ್ಟು ಐದು ಸಾವಿರದ ಆಸುಪಾಸು. ನಕಲಿಗಳು ಜಾಸ್ತಿ ಇರುವುದೂ ಇಲ್ಲೇ. ಸಾಮಾನ್ಯ ಎಂ/96ಗೆ ಪಕ್ಕದಲ್ಲಿ ಹಳಿ ಬಿಗಿದು, ಹಳೆ ದೂರದರ್ಶಕ ಕೂರಿಸಿದರೆ ಬೆಲೆ ಹಲವು ಪಟ್ಟು ಏರುತ್ತದೆ. ಮೊದಲ ಕೆಲವು ವರ್ಷ ಇದರ ತಂಟೆಗೆ ಹೋಗಬೇಡಿ. ಅದರ ಬದಲು ಎಂ/94-14 ಕಾರ್ಬೈನ್ ನೋಡಿ. ಮೂಲದ ಎಂ/94ಗೆ ಬಯೊನೆಟ್ ಸಿಕ್ಕಿಸುವ ಜಾಗವೇ ಇರಲಿಲ್ಲ. 1914ರಲ್ಲಿ ಮೂತಿಗೆ ಹೊಸ ತೊಡಿಗೆ ಹಾಕಿದರು. ಆ ತೊಡಿಗೆಯ ಆಕಾರ ಎಲ್ಲೋ ನೋಡಿದ ಹಾಗಿದೆ ಅನ್ನಿಸಿದರೆ ಕಾರಣ ಇದೆ. ಅದು ಬ್ರಿಟಿಷರ ಲೀ-ಎನ್‌ಫೀಲ್ಡ್‌ನ ಮಾದರಿ, ಅಂದರೆ ನಮ್ಮ ಪೊಲೀಸರ ಹಳೆಯ ತ್ರೀ-ನಾಟ್-ತ್ರೀ. ಅದಕ್ಕೆ ಅಂತಲೇ ಎಂ/1914 ಎಂಬ ಉದ್ದ ಅಲಗಿನ ಬಯೊನೆಟ್ ಬಂತು. ನಿಮ್ಮ ಎಂ/1896 ಅದಕ್ಕೆ ಹೊಂದುವುದಿಲ್ಲ, ಇಬ್ಬರು ಮೂವರು ವ್ಯಾಪಾರಿಗಳಾದರೂ ಹೊಂದುತ್ತದೆ ಎಂದೇ ಹೇಳುತ್ತಾರೆ.

ನಿಮ್ಮ ಬಯೊನೆಟ್ ಹೊಂದುವ ಇನ್ನೊಂದು ರೈಫಲ್ ಎಜಿ ಎಂ/42, ಯುಂಗ್‌ಮನ್ ಎಂದು ಹೆಸರು. ಎರಿಕ್ ಎಕ್ಲುಂಡ್ ವಿನ್ಯಾಸ ಮಾಡಿದ ಅರೆ-ಸ್ವಯಂಚಾಲಿತ ರೈಫಲ್. ಸುಮಾರು 30,000 ಮಾಡಿದರು. ನಂತರ ವಿನ್ಯಾಸ ಮತ್ತು ಯಂತ್ರಗಳು ಈಜಿಪ್ಟಿಗೆ ಹೋಗಿ, ಅಲ್ಲಿ ಹಕೀಮ್ ಎಂಬ ರೈಫಲ್ ಆಯಿತು. ಇದರ ಮುಚ್ಚಳವನ್ನು ಹಿಂದೆ ಮುಂದೆ ಮಾಡುವಾಗ ಬೆರಳು ಸಿಕ್ಕಿಕೊಂಡರೆ ಉಗುರು ಕಪ್ಪಾಗುವುದು ಗ್ಯಾರಂಟಿ.

ಒಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಹಿಂಬದಿಯ ತಗಡು ಬಿಚ್ಚಿದರೆ ಒಳಗೆ ಸೈನಿಕನ ಹೆಸರಿನ ಚೀಟಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಅವರು ಸ್ವಿಸ್ ರೈಫಲ್ ಬಗ್ಗೆ ಹೇಳುತ್ತಿದ್ದಾರೆ, ಕೆ31 ಬಗ್ಗೆ. ಸ್ವೀಡಿಷ್ ರೈಫಲ್ ಬಿಚ್ಚಿ ಸ್ಕ್ರೂ ತಲೆ ಹಾಳು ಮಾಡಿಕೊಳ್ಳಬೇಡಿ.

ನಿಮ್ಮ ಬಯೊನೆಟ್ಟನ್ನು ಈಗ ಏನು ಮಾಡಬೇಕು? ಹೆಚ್ಚೇನೂ ಇಲ್ಲ. ಮೆತ್ತನೆಯ ಬಟ್ಟೆಗೆ ತೆಳು ಎಣ್ಣೆ ಹಾಕಿ ಒರೆಸಿ. ಕೆಂಪು ತುಕ್ಕು ಇದ್ದರೆ ಎಣ್ಣೆಯಲ್ಲಿ ಒಂದೆರಡು ದಿನ ನೆನೆಯಲು ಬಿಟ್ಟು, ಹಿತ್ತಾಳೆಯ ತುಂಡಿನಿಂದ ಮೆಲ್ಲಗೆ ಕೆರೆಯಿರಿ. ಕಪ್ಪು ಕಲೆ ಹಾಗೇ ಇರಲಿ, ಅದು ವಯಸ್ಸು. ಸ್ಯಾಂಡ್‌ಪೇಪರ್, ಗ್ರೈಂಡರ್, ಕ್ರೋಮ್ ಲೇಪ ಯಾವುದೂ ಬೇಡ. ಫಳಫಳ ಹೊಳೆಯುವ ಬಯೊನೆಟ್ ನೋಡಿದರೆ ಸಂಗ್ರಾಹಕರು ದೂರದಿಂದಲೇ ತಿರುಗಿ ಹೋಗುತ್ತಾರೆ. ರೈಫಲ್‌ನ ಮರಕ್ಕೆ ವಾರ್ನಿಷ್ ಬೇಡ. ಸೇನೆಯವರು ಬಳಸುತ್ತಿದ್ದುದು ಅಗಸೆ ಎಣ್ಣೆ, ಅದನ್ನೂ ವರ್ಷಕ್ಕೊಮ್ಮೆ, ಬೆರಳ ತುದಿಯಷ್ಟು. ಚರ್ಮದ ಪಟ್ಟಿಯನ್ನು ಉಕ್ಕಿಗೆ ತಾಗಿಸಿ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ.

ಇನ್ನು ಕಾನೂನು. ಸ್ವೀಡನ್ನಿನಲ್ಲಿ ಬಯೊನೆಟ್ ಕೊಳ್ಳುವುದಕ್ಕೆ ಬಂದೂಕಿನ ಲೈಸೆನ್ಸ್ ಬೇಕಿಲ್ಲ. ಆದರೆ ಸಾರ್ವಜನಿಕ ಜಾಗದಲ್ಲಿ ಕಾರಣವಿಲ್ಲದೆ ಚಾಕು ಇಟ್ಟುಕೊಂಡು ಓಡಾಡುವುದು ಅಪರಾಧ. ಸಂತೆಯಿಂದ ಮನೆಗೆ ತರುವಾಗ ಸುತ್ತಿ, ಚೀಲದ ತಳಕ್ಕೆ ಹಾಕಿ, ನೇರ ಮನೆಗೆ ಹೋಗಿ. ರೈಫಲ್‌ಗೆ ಪೊಲೀಸರ ಲೈಸೆನ್ಸ್ ಬೇಕೇ ಬೇಕು. ಸಂಗ್ರಾಹಕರಿಗೆ ಪ್ರತ್ಯೇಕ ದಾರಿ ಇದೆ. ಏನನ್ನು ಸಂಗ್ರಹಿಸುತ್ತೀರಿ ಎಂದು ಗಡಿ ಹಾಕಿಕೊಂಡು ಅರ್ಜಿ ಹಾಕಬೇಕು. ಜೊತೆಗೆ ಎಸ್‌ಎಸ್ 3492 ಗುಣಮಟ್ಟದ ಉಕ್ಕಿನ ಕಪಾಟು ಬೇಕು. ಬಾಡಿಗೆ ಮನೆಯ ಮೂರನೇ ಮಹಡಿಗೆ ಅದನ್ನು ಹೊತ್ತು ಹಾಕುವವರು ಯಾರು ಎಂದು ಮೊದಲೇ ಯೋಚಿಸಿ.

1890ಕ್ಕಿಂತ ಹಳೆಯದಕ್ಕೆ ಲೈಸೆನ್ಸ್ ಬೇಡ ಎಂದು ನಿಮಗೆ ಯಾರೋ ಹೇಳಿಯೇ ಇರುತ್ತಾರೆ. ಅದು ಅರ್ಧ ಸತ್ಯ. ವಯಸ್ಸೊಂದೇ ಸಾಲದು. ಗುಂಡು, ಮದ್ದು, ಕೇಪು ಒಂದೇ ಕೊಳವೆಯಲ್ಲಿ ಸೇರಿದ ತೋಟಾಕ್ಕೆ ಮಾಡಿದ ಬಂದೂಕು ಆಗಿರಬಾರದು. ಮೂತಿಯಿಂದ ಮದ್ದು ತುಂಬುವ ಹಳೆ ಮಸ್ಕೆಟ್ ಆದರೆ ಸರಿ. 1860ರ ವ್ರೇದೆ ರೈಫಲ್ ಕೂಡ ಅಂಥದ್ದೇ, 12.17 ಮಿ.ಮೀ. ಆದರೆ ಅದರ ನಂತರ ಬಂದ ಎಂ/1867 ರೆಮಿಂಗ್ಟನ್ ರೋಲಿಂಗ್ ಬ್ಲಾಕ್ ನೂರೈವತ್ತು ವರ್ಷ ಹಳೆಯದಾದರೂ ತೋಟಾ ಬಂದೂಕು. ಹಾಗಾಗಿ ವಿನಾಯಿತಿ ಇಲ್ಲ. ಸಂತೆಯಲ್ಲಿ ಕೈ ಸುಟ್ಟುಕೊಳ್ಳುವವರು ಹೆಚ್ಚಾಗಿ ಇಲ್ಲೇ.

ಅಮೆರಿಕದಲ್ಲಿರುವ ನಮ್ಮವರು ಕೂಡ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಕೇಂದ್ರದ ಕಾನೂನಿನಲ್ಲಿ ಗಡಿ ಬೇರೆ: 1898 ಅಥವಾ ಅದಕ್ಕೂ ಮೊದಲು ತಯಾರಾಗಿದ್ದರೆ ಅದು ಆ್ಯಂಟಿಕ್. ಆದ್ದರಿಂದ ಅಲ್ಲಿ 1898 ಎಂದು ಬರೆದ ಎಂ/96ಗೆ 1899ರದಕ್ಕಿಂತ ಬೇಡಿಕೆ ಜಾಸ್ತಿ. ರಾಜ್ಯದ ಕಾನೂನು ಬೇರೆ ಇರಬಹುದು, ಅದನ್ನೂ ನೋಡಿಕೊಳ್ಳಿ.

ಕೊನೆಗೆ ಮಡಿಕೇರಿಯ ಮಾತು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ, ನಿಜ. ಆದರೆ ಅದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಹೊರುವುದಕ್ಕೆ ಸಂಬಂಧಿಸಿದ್ದು. ವಿದೇಶದಿಂದ ತರುವಾಗ ಆಯುಧ ಕಾಯ್ದೆಯ ಜೊತೆ ಆಮದು ನೀತಿ, ಕಸ್ಟಮ್ಸ್ ಎರಡೂ ಎದುರಾಗುತ್ತವೆ. ಸಾಮಾನ್ಯ ಜನ ಹೊರಗಿನಿಂದ ಬಂದೂಕು ತರುವ ಬಾಗಿಲು ದಶಕಗಳ ಹಿಂದೆಯೇ ಹೆಚ್ಚುಕಡಿಮೆ ಮುಚ್ಚಿದೆ. ಹೆಸರಾಂತ ಶೂಟರ್‌ಗಳ ಮಾತು ಬೇರೆ. ಪುರಾತನ ವಸ್ತು ಎಂದು ತರಬಹುದಲ್ಲ ಅಂದರೆ, ಕಾಯ್ದೆಯ 45ನೇ ಸೆಕ್ಷನ್‌ನ ವಿನಾಯಿತಿ ರಿಪೇರಿ ಮಾಡಿದರೂ ಹಾರದ ಬಂದೂಕಿಗೆ ಮಾತ್ರ. ಎಂ/96 ಇವತ್ತಿಗೂ ಹಾರುತ್ತದೆ. ಅದರ 6.5×55 ಗುಂಡಿನಲ್ಲಿ ಸ್ವೀಡನ್ನಿನವರು ಈಗಲೂ ಎಲ್ಕ್ ಬೇಟೆ ಆಡುತ್ತಾರೆ. ರೈಫಲ್ ತರುವ ಯೋಚನೆ ಬಿಡಿ.

ಬಯೊನೆಟ್? ಆಯುಧ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿಯ ಜೊತೆ ಬಯೊನೆಟ್ ಎಂದು ಹೆಸರಿಟ್ಟೇ ಬರೆದಿದೆ. ಅಲಗು ಒಂಬತ್ತು ಇಂಚಿಗಿಂತ ಚಿಕ್ಕದು ಎಂಬ ವಾದ ಅಲ್ಲಿ ನಡೆಯುವುದು ಅನುಮಾನ. ಲಗೇಜಿನಲ್ಲಿ ಸುಮ್ನೆ ಹಾಕಿಕೊಂಡು ಬಂದು, ಕೆಂಪೇಗೌಡ ನಿಲ್ದಾಣದಲ್ಲಿ ಕೈಲ್‌ಪೊಳ್ದ್ ಹಬ್ಬದ ಆಯುಧ ಪೂಜೆಗೆ ಅಂತ ವಿವರಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ತರಲೇಬೇಕು ಅಂತಿದ್ದರೆ ಮೊದಲು ಕೊಡಗು ಜಿಲ್ಲಾಡಳಿತಕ್ಕೂ, ಕಸ್ಟಮ್ಸ್‌ಗೂ ಬರೆದು, ಲಿಖಿತ ಉತ್ತರ ತರಿಸಿಕೊಳ್ಳಿ. ಸ್ವೀಡನ್ ಕಡೆಯ ರಫ್ತು ನಿಯಮವನ್ನೂ ಕೇಳಿ. ಉತ್ತರ ಬರದಿದ್ದರೆ ಅಲ್ಲಿಯೇ ಒಬ್ಬ ಸಂಗ್ರಾಹಕರಿಗೆ ಕೊಟ್ಟು ಬನ್ನಿ. ಬೋರೋಸ್ ಕಡೆಯವರಾದರೆ ಐ 15 ಗುರುತಿಗೆ ಒಳ್ಳೆಯ ಬೆಲೆಯನ್ನೇ ಕೊಡುತ್ತಾರೆ. ಒರೆಯನ್ನು ಮಾತ್ರ ಬೇರೆ ಮಾಡಿ ಮಾರಬೇಡಿ.